ಆರು ಗಂಟೆಗೆ ಬಾಯಿ ನೋಡುವ ಡಾಕ್ಟರಮ್ಮ

ಮಹಾಗಾಂವದ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತೊಗರಿ ಕೊಯ್ಲಿಗೆ ಹೊರಡುವ ಹೆಂಗಸರು ಮನೆ ಮುಂದಿನ ಕಟ್ಟೆಗಳ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಎಡ ಅಂಗೈಯಲ್ಲಿ ಚಿಟಿಕೆ ಕರಿ ಪುಡಿ, ಬಲಗೈಯ ಬೆರಳು ಹಲ್ಲಿನ ಮೇಲೆ. ಯಾರಿಗೂ ಅವಸರವಿಲ್ಲ. ಕಲಬುರಗಿಯಿಂದ ಮೊದಲ ಬಸ್ಸಿಗೆ ಬಂದಿಳಿದ ಡಾ. ಪಂಚಶೀಲಾ ಸಿಂಗೆ ಹೆಗಲಿನ ಚೀಲ ಕೆಳಗಿಟ್ಟು, ಟಾರ್ಚು ಹಿಡಿದು, ಒಂದು ಕಟ್ಟೆಯ ಮೇಲೆ ತಾವೂ ಕೂರುತ್ತಾರೆ.

"ಬಾಯಿ ಆ ಮಾಡ್ರಿ ಸಾಬಮ್ಮ."

"ಯಾವಾಗ್ಲೂ ನಮ್ಮ ಬಾಯೇ ನೋಡ್ತೀರಿ. ನಿಮ್ಮ ಬಾಯಿ ಯಾರ ನೋಡ್ತಾರ? ಮೊದಲ ನೀವು ತೆರೀರಿ," ಎನ್ನುತ್ತಾರೆ ಐವತ್ತೆಂಟರ ಸಾಬಮ್ಮ.

ಡಾಕ್ಟರು ಟಾರ್ಚನ್ನು ಅವರ ಕೈಗೇ ಕೊಟ್ಟು ಬಾಯಿ ತೆರೆಯುತ್ತಾರೆ. ಸಾಬಮ್ಮ ಬಗ್ಗಿ ನೋಡುತ್ತಾರೆ. "ಅಯ್ಯ, ಹಿಂದಿನ ದವಡಿ ಹಲ್ಲಿಗೆ ಹುಳ ಹತ್ಯಾದಲ್ರೀ! ಊರ ಮಂದಿಗೆಲ್ಲ ಬುದ್ಧಿ ಹೇಳ್ಕೋತ ತಿರಗ್ತೀರಿ!"

ಓಣಿಗೆ ಓಣಿಯೇ ನಗುತ್ತದೆ. ಆದರೆ ಟಾರ್ಚು ಹಿಂದಿರುಗಿಸಿದ ಸಾಬಮ್ಮ ತಮ್ಮ ಬಾಯಿ ಮಾತ್ರ ತೆರೆಯುವುದಿಲ್ಲ. ಡಾಕ್ಟರು ಈ ಹೊತ್ತು ಬಂದಿರುವುದೇ ಅವರಿಗಾಗಿ. ಎರಡು ತಿಂಗಳ ಹಿಂದೆ ಅವರ ಎಡಗೆನ್ನೆಯ ಒಳಗೆ ಬಿಳಿ ಮಚ್ಚೆಯೊಂದು, ಅದರ ನಡುವೆ ಕಡಲೆಬೇಳೆಯಷ್ಟು ಕೆಂಪು ಕಂಡಿತ್ತು. ಅದರ ಚೂರು ತೆಗೆದು ಪರೀಕ್ಷೆ ಮಾಡಬೇಕು. ಕರೆದ ಎರಡು ತಾರೀಖಿಗೂ ಸಾಬಮ್ಮ ಆಸ್ಪತ್ರೆಯತ್ತ ಸುಳಿದಿಲ್ಲ.

ಪಂಚಶೀಲಾ ಕ್ಯಾನ್ಸರ್ ತಜ್ಞೆ. ಕಲಬುರಗಿಯ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ, ಸಂಶೋಧನೆ ಮಾಡುತ್ತಾರೆ, ರೋಗಿಗಳನ್ನೂ ನೋಡುತ್ತಾರೆ. ವಾರದಲ್ಲಿ ಮೂರು ದಿನ ಖೂಬಾ ಪ್ಲಾಟಿನ ಬಾಡಿಗೆ ಮನೆಯಿಂದ ನಾಲ್ಕೂವರೆಗೆ ಹೊರಟು ಕಮಲಾಪುರ ಸುತ್ತಿನ ಹಳ್ಳಿಗಳಿಗೆ ಬರುತ್ತಾರೆ. ಹದಿನಾಲ್ಕು ಹಳ್ಳಿ, ಆರುನೂರಾ ಹದಿನೆಂಟು ಹೆಂಗಸರು. ಒಬ್ಬೊಬ್ಬರ ಬಾಯನ್ನೂ ಆರು ತಿಂಗಳಿಗೊಮ್ಮೆ ನೋಡಬೇಕು. ಎಂಟರೊಳಗೆ ಮೂವತ್ತು ಬಾಯಿ ಮುಗಿದರೆ ಒಳ್ಳೆಯ ದಿನ. ಒಂಬತ್ತೂವರೆಗೆ ಆಸ್ಪತ್ರೆಯಲ್ಲಿ ತೊಂಬತ್ತು ಮಂದಿ ಸಾಲಾಗಿ ಕಾಯುತ್ತಿರುತ್ತಾರೆ. ಮಧ್ಯಾಹ್ನ ಪಾಠ. ಊಟ ಯಾವಾಗ ಎಂದು ಕೇಳಿದರೆ ನಗುತ್ತಾರೆ.

ಅವರು ಹುಟ್ಟಿದ್ದು ತಾಜಸುಲ್ತಾನಪುರದಲ್ಲಿ. ತಾಯಿ ಹಣಮಮ್ಮ ಹೊಲಗಳಲ್ಲಿ ಕಳೆ ತೆಗೆದು, ತಂದೆ ಮರೆಪ್ಪ ನಗರದಲ್ಲಿ ಹಮಾಲಿ ಮಾಡಿ ಮಗಳನ್ನು ಓದಿಸಿದರು. ಮುಂಬೈಯಲ್ಲಿ ತಜ್ಞ ತರಬೇತಿ ಮುಗಿಸಿದಾಗ ಅಲ್ಲೇ ಕೆಲಸ ಸಿಗುವಂತಿತ್ತು. "ನಮ್ಮ ಕಡೆ ಹೆಣ್ಮಕ್ಕಳು ಬಾಯಿ ಹುಣ್ಣು ಅಂತ ಬರೂದ್ರಾಗ ಗಂಟಲ ತನಕ ಇಳದಿರ್ತದ. ಯಾಕ ಅಂತ ತಿಳ್ಕೋಬೇಕಿತ್ತು. ಅದಕ್ಕ ಬಂದೆ," ಎನ್ನುತ್ತಾರೆ.

ಬಂದವರು ಮಾಡಿದ ಮೊದಲ ದೊಡ್ಡ ಕೆಲಸವೇ ತಪ್ಪಾಯಿತು. ಒಂಬತ್ತು ವರ್ಷದ ಹಿಂದಿನ ಮಾತು. ಇದೇ ಹಳ್ಳಿಗಳಲ್ಲಿ ಶಿಬಿರ ಹಾಕಿ ನಾಲ್ಕುನೂರು ಹೆಂಗಸರ ಬಾಯಿ ನೋಡಿ, ತಂಬಾಕಿನ ಚಟ ಇದೆಯೇ ಎಂದು ಕೇಳಿದರು. ಬಹುಪಾಲು ಮಂದಿ ಇಲ್ಲವೆಂದರು. ತಂಬಾಕು ಮುಟ್ಟದ ಹೆಂಗಸರಿಗೂ ಬಾಯಿಯ ಕ್ಯಾನ್ಸರ್ ಬರುತ್ತಿದೆ ಎಂಬ ಅವರ ಲೇಖನ ಹೆಸರಾದ ಪತ್ರಿಕೆಯಲ್ಲಿ ಅಚ್ಚಾಯಿತು. ಕಾಲೇಜಿನಲ್ಲಿ ಶಾಲು ಹೊದಿಸಿದರು.

ಶಿಬಿರ ಶುರುವಾಗುತ್ತಿದ್ದುದು ಹನ್ನೊಂದು ಗಂಟೆಗೆ. ಎರಡು ವರ್ಷ ಕಳೆದ ಮೇಲೆ, ಒಬ್ಬ ರೋಗಿಯನ್ನು ನೋಡಲು ಬೆಳಗಿನ ಜಾವ ಮಹಾಗಾಂವಕ್ಕೆ ಬಂದಾಗಲೇ ಅವರು ಈ ಕಟ್ಟೆಗಳನ್ನು ಕಂಡದ್ದು. ಹೆಂಗಸರ ಅಂಗೈಯಲ್ಲಿದ್ದುದು ಮಿಶ್ರಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರಕಾಗುವಂತೆ ಹುರಿದು ಕುಟ್ಟಿದ ಪುಡಿ. ಅವರ ಮಟ್ಟಿಗೆ ಅದು ಚಟವಲ್ಲ, ಹಲ್ಲು ತಿಕ್ಕುವ ಕೆಲಸ. ಹನ್ನೊಂದರ ಹೊತ್ತಿಗೆ ಎಲ್ಲರೂ ಬಾಯಿ ಮುಕ್ಕಳಿಸಿ ಮುಗಿಸಿರುತ್ತಿದ್ದರು.

"ಅವರೇನೂ ಸುಳ್ಳು ಹೇಳಿರಲಿಲ್ಲ. ನಮ್ಮವ್ವನೂ ದಿನಾ ಮುಂಜಾನಿ ಮಿಶ್ರಿ ತಿಕ್ಕತಿದ್ಲು. ನಾ ಬಾಜೂಕ ಕೂತು ನೋಡ್ಕೋತ ಬೆಳದಾಕಿ. ಇಷ್ಟು ಓದಿ ಬಂದು ನಮ್ಮ ಮನ್ಯಾಗಿಂದೇ ಮರ್ತಿದ್ದೆ."

ಪಂಚಶೀಲಾ ಆ ಲೇಖನವನ್ನು ತಾವಾಗಿಯೇ ಹಿಂತೆಗೆದುಕೊಂಡರು. ಯಾರೂ ಕೇಳಿರಲಿಲ್ಲ, ಯಾರಿಗೂ ಗೊತ್ತಾಗುವಂತೆಯೂ ಇರಲಿಲ್ಲ. ಪ್ರಾಧ್ಯಾಪಕ ಹುದ್ದೆ ನಾಲ್ಕು ವರ್ಷ ಮುಂದಕ್ಕೆ ಹೋಯಿತು. ಸಹೋದ್ಯೋಗಿಗಳು "ಹರಿಶ್ಚಂದ್ರನ ತಂಗಿ" ಎಂದು ಆಡಿಕೊಂಡರು. ಅವರು ಮೊದಲಿನಿಂದ ಶುರು ಮಾಡಿದರು, ಈ ಸಲ ಬೆಳಗಿನ ಆರಕ್ಕೆ. ಮೊದಲ ಪಟ್ಟಿಯಲ್ಲಿದ್ದ ಪ್ರತಿಯೊಬ್ಬ ಹೆಂಗಸಿನ ಮನೆಗೂ ಹೋಗಿ, ಅಂದು ನಾನು ಹೇಳಿದ್ದು ತಪ್ಪು, ಆ ಪುಡಿ ಬಿಡಿ ಎಂದು ಹೇಳಿ ಬಂದರು. ಒಂದು ಮನೆಗೆ ಮಾತ್ರ ಬೀಗ ಹಾಕಿತ್ತು. ಸಾಬಮ್ಮ ಗಂಡನ ಜೊತೆ ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗಿಬಿಟ್ಟಿದ್ದರು. ಮರಳಿದ್ದು ಹೋದ ವರ್ಷ, ಮಿಶ್ರಿ ಡಬ್ಬಿಯ ಸಮೇತ. ಎರಡು ತಿಂಗಳ ಹಿಂದೆ ಮಚ್ಚೆ ಕಂಡಾಗ ಎಲ್ಲವನ್ನೂ ಹೇಳಿಬಿಡಬೇಕೆಂದಿದ್ದ ಡಾಕ್ಟರಿಗೆ ಅಂದು ಧೈರ್ಯ ಸಾಲಲಿಲ್ಲ.

ಈಗ ಕಟ್ಟೆಯ ಮೇಲೆ ಸಾಬಮ್ಮ ತಮ್ಮ ಭಯವನ್ನು ಬಾಯಿಬಿಟ್ಟು ಹೇಳುತ್ತಾರೆ. "ಕತ್ತರಿ ಹಚ್ಚಿದ್ರ ಮೈಯೆಲ್ಲ ಹರಡ್ತದಂತ. ಸುಮ್ಮ ಇದ್ದದ್ದು ಸುಮ್ಮ ಇರ್ಲಿ ಬಿಡ್ರಿ."

"ಹರಡೂದಿಲ್ಲ. ಚೂರು ತೆಗೀದೇ ಇದ್ರ ಏನದ ಅಂತ ನನಗೂ ತಿಳಿಯೂದಿಲ್ಲ. ಇನ್ನೊಂದು ಮಾತು ಅದ ಸಾಬಮ್ಮ. ಒಂಬತ್ತು ವರ್ಷದ ಹಿಂದ ಇದೇ ಊರಾಗ ನಿಮ್ಮ ಬಾಯಿ ನೋಡಿ, ಏನೂ ಇಲ್ಲ, ಆರಾಮ ಹೋಗ್ರಿ ಅಂದಾಕಿ ನಾನೇ. ಮಿಶ್ರಿ ಬಿಡ್ರಿ ಅಂತ ಹೇಳಬೇಕಿತ್ತು, ಹೇಳಲಿಲ್ಲ. ನಂದು ತಪ್ಪಾಗ್ಯಾದ."

ಹಲ್ಲು ತಿಕ್ಕುತ್ತಿದ್ದ ಬೆರಳುಗಳೆಲ್ಲ ನಿಲ್ಲುತ್ತವೆ.

"ಡಾಕ್ಟರ ಮಂದಿ ಹಿಂಗ ಹೇಳೂದು ನಾ ಎಲ್ಲೂ ಕೇಳಿಲ್ಲ," ಎಂದು ಸಾಬಮ್ಮ ಸೆರಗು ಕೊಡವಿ ಎದ್ದು, ಒಳಗಿದ್ದ ಸೊಸೆಗೆ ಕೂಗಿ ಹೇಳುತ್ತಾರೆ. "ಸುನಂದಾ, ಹೊಲಕ್ಕ ನಾ ಬರಂಗಿಲ್ಲ ಅಂತ ಹೇಳು. ನೀನೂ ನಡಿ. ತಪ್ಪು ಒಪ್ಕೊಂಡಾಕಿ ಇನ್ನ ಸುಳ್ಳು ಯಾಕ ಹೇಳ್ತಾಳ?"

ಅಂದೇ ಆಸ್ಪತ್ರೆಯಲ್ಲಿ ಬಯಾಪ್ಸಿಗೆ ಚೂರು ತೆಗೆಯುತ್ತಾರೆ. ಎಂಟು ದಿನಕ್ಕೆ ವರದಿ ಬರುತ್ತದೆ. ಇಂಥ ವರದಿಯನ್ನು ಪಂಚಶೀಲಾ ಕಿರಿಯರ ಕೈಲಿ ಹೇಳಿಸುವುದಿಲ್ಲ. ಅತ್ತೆ ಸೊಸೆ ಇಬ್ಬರನ್ನೂ ಒಳಗೆ ಕರೆದು ಕೂರಿಸುತ್ತಾರೆ.

"ಕ್ಯಾನ್ಸರ್ ಅದ ಸಾಬಮ್ಮ. ಆದ್ರ ಸಣ್ಣದದ, ಕೊರಳಿಗೆ ಇಳದಿಲ್ಲ. ಆಪರೇಷನ್ ಮಾಡಿ ತೆಗೀಬಹುದು. ಇನ್ನ ಆರು ತಿಂಗಳು ಬಿಟ್ಟಿದ್ರ ಈ ಮಾತು ಹೇಳಾಕ ಬರ್ತಿರಲಿಲ್ಲ."

ಸುನಂದಾಳ ಕಣ್ಣು ತುಂಬುತ್ತದೆ. ಸಾಬಮ್ಮ ಅಳುವುದಿಲ್ಲ. ಯಾವಾಗ ಬಂದು ಮಲಗಬೇಕು, ಎಷ್ಟು ದಿನ ರೊಟ್ಟಿ ತಿನ್ನುವಂತಿಲ್ಲ ಎಂದು ಒಂದೊಂದೇ ಕೇಳಿಕೊಳ್ಳುತ್ತಾರೆ. ಆಮೇಲೆ ಕುರ್ಚಿ ಬಿಟ್ಟೆದ್ದು, ಸೊಸೆಯ ರಟ್ಟೆ ಹಿಡಿದು ಅಲ್ಲಿ ಕೂರಿಸುತ್ತಾರೆ.

"ನಂದಂತೂ ಗೊತ್ತಾಯ್ತು. ಈಗ ಈಕಿ ಬಾಯಿ ನೋಡ್ರಿ. ನೀವು ಬಂದಾಗೆಲ್ಲ ಬೂದಿ ತಿಕ್ಕತೀನಿ ಅಂತ ಹೇಳಿ ಒಳಗ ಹೋಗ್ತಾಳ. ನನ್ನ ಡಬ್ಬಿ ಈಕೀನೇ ಅರ್ಧ ಖಾಲಿ ಮಾಡ್ಯಾಳ."

ಸುನಂದಾ ನಾಚುತ್ತ ಬಾಯಿ ತೆರೆಯುತ್ತಾಳೆ. ಮಚ್ಚೆ ಇಲ್ಲ, ಒಸಡು ಮಾತ್ರ ಕಪ್ಪಗಾಗಿದೆ. ಪಟ್ಟಿಗೆ ಆರುನೂರಾ ಹತ್ತೊಂಬತ್ತನೆಯ ಹೆಸರು ಸೇರುತ್ತದೆ. ಅವರು ಹೋದ ಮೇಲೆ ಡಾಕ್ಟರು ಪೆನ್ನು ಕೆಳಗಿಡುತ್ತಾರೆ. ಹೊರಗೆ ಸಾಲು ಕಾಯುತ್ತಿದೆ.

"ಏಳು ವರ್ಷದಿಂದ ಮನಿ ಮನಿ ಬಾಗಿಲಾ ಬಡಕೋತ ಬಂದೀನ್ರಿ," ಎನ್ನುತ್ತಾರೆ. "ಒಬ್ಬಾಕಿ ತಾನಾಗಿ ಇನ್ನೊಬ್ಬಾಕಿನ್ನ ನನ್ನ ಮುಂದ ಕೂಡಿಸಿದ್ದು ಇವತ್ತೇ ಮೊದಲ."