ಶ್ಯಾಮಣ್ಣ ಮೇಷ್ಟ್ರ ವಾಕಿಂಗ್

ವರ್ತೂರಿನ ಖಾಸಗಿ ಶಾಲೆಯೊಂದರಲ್ಲಿ ಶ್ಯಾಮಣ್ಣ ಪಿ.ಟಿ. ಮೇಷ್ಟ್ರು. ವ್ಯಾಯಾಮವೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಿದ್ದರು. ಅವರ ಪೀರಿಯಡ್ಡುಗಳನ್ನು ಗಣಿತ ಎಂದೋ ನುಂಗಿತ್ತು, ಮೈದಾನವನ್ನು ಶಾಲೆಯ ಬಸ್ಸುಗಳು. ಬೆಳಿಗ್ಗೆ ಗೇಟಿನಲ್ಲಿ ಪೀಪಿ ಊದಿ ಕಾರುಗಳನ್ನು ಹಿಂದೆ ಮುಂದೆ ಮಾಡಿಸುವುದು, ಸಂಜೆ ಮಕ್ಕಳ ಜೊತೆ ಬಸ್ಸಿನಲ್ಲಿ ಕೂತು ವರ್ತೂರು ಕೋಡಿಯ ಟ್ರಾಫಿಕ್ಕಿನಲ್ಲಿ ಬೇಯುವುದು, ಭಾನುವಾರ ಶಾಲೆಯ ಮಾಲೀಕರ ಬಾಡಿಗೆ ಮನೆಗಳ ನಲ್ಲಿ ರಿಪೇರಿ. ಹೊಟ್ಟೆ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಮುಂದಕ್ಕೆ ಬಂತು. ಅದರ ಹಿಂದೆಯೇ ಸಕ್ಕರೆ ಕಾಯಿಲೆ.

"ದಿನಾ ನಡೀರಿ ಮೇಷ್ಟ್ರೇ, ಮಧ್ಯೆ ಎಲ್ಲೂ ನಿಲ್ಬೇಡಿ," ಎಂದರು ಡಾಕ್ಟರು.

"ಯಾವಾಗ ಸಾರ್?" ಎಂದರು ಶ್ಯಾಮಣ್ಣ.

ಅವರ ಮನೆಯಲ್ಲಿ ಒಂದೇ ಪ್ರಶ್ನೆ ಎರಡು ಕಡೆಯಿಂದ ಓಡಾಡುತ್ತಿತ್ತು. ಟೆಸ್ಟ್ ಪೇಪರ್ ಕೊಟ್ಟ ದಿನ ಅಪ್ಪ, "ಎಷ್ಟು ಬಂತು ಮಗಾ?" ರಕ್ತಪರೀಕ್ಷೆಯ ದಿನ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನಲ್ಲಿದ್ದ ಮಗಳು ಜ್ಯೋತಿಲಕ್ಷ್ಮಿ, "ಎಷ್ಟು ಬಂತಪ್ಪಾ?" ಅವಳದು ಯಾವಾಗಲೂ ತೊಂಬತ್ತರ ಮೇಲೆ. ಅದನ್ನು ಶ್ಯಾಮಣ್ಣ ಹಾಲಿನ ಅಂಗಡಿಯವನಿಗೆ ಹೇಳಿ, ಹೇಳಿದ್ದು ಮರೆತು ಮಾರನೆಯ ದಿನ ಮತ್ತೆ ಹೇಳುತ್ತಿದ್ದರು. ತಮ್ಮದನ್ನು ಮಾತ್ರ ಸ್ವಲ್ಪ ಇಳಿಸಿಯೇ ಹೇಳುತ್ತಿದ್ದರು.

"ಸುಳ್ಳು ಹೇಳ್ಬೇಡಪ್ಪ," ಒಂದು ದಿನ ಅವಳು ಅತ್ತೇಬಿಟ್ಟಳು. "ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ? ಟೆಸ್ಟ್ ಡ್ಯೂಟೀಲಿ ಚೇರ್ ಮೇಲೆ ಗೊರಕೆ ಹೊಡೀತೀಯಲ್ಲ, ಆವಾಗ ಬೆಂಚ್ ಮಧ್ಯ ನಡಿಯೋಕೇನು?"

"ಗೊರಕೆ ಅಲ್ಲ ಕಣಮ್ಮಾ, ಅದು ಪ್ರಾಣಾಯಾಮ."

ಶ್ಯಾಮಣ್ಣ ಜನ್ಮದಲ್ಲಿ ಯಾರ ಬುದ್ಧಿಮಾತನ್ನೂ ಕೇಳಿದವರಲ್ಲ. ಈ ಸಲ ಕೇಳಿದರು. ವಿಜ್ಞಾನದ ಟೆಸ್ಟಿಗೆ ಒಂಬತ್ತನೇ ಕ್ಲಾಸಿನ ಕಾವಲು ಅವರದೇ. ಕುರ್ಚಿ ಬಿಟ್ಟೆದ್ದು, ಕೈ ಬೀಸಿಕೊಂಡು ಹಿಂದಿನ ಗೋಡೆ ಮುಟ್ಟಿ ತಿರುಗಿದರು. ಮಗಳು ನೋಡಲಿ ಎಂಬ ಹುಮ್ಮಸ್ಸು. ಕ್ಯಾನ್ವಾಸ್ ಶೂ ಸದ್ದು ಮಾಡುವುದಿಲ್ಲ. ಮುಂದಿನ ಬೆಂಚಿನಲ್ಲಿ ಅವಳು ತಲೆ ಬಗ್ಗಿಸಿ ಬರೆಯುತ್ತಿದ್ದಳು. ತೊಡೆಯ ಮೇಲೆ, ಯೂನಿಫಾರಮ್ಮಿನ ಮಡಿಕೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳ ಚೀಟಿ.

ಹಾಗೇ ಮುಂದೆ ನಡೆದುಬಿಡಬಹುದಿತ್ತು. ಎಲ್ಲೂ ನಿಲ್ಲಬೇಡಿ ಎಂದು ಡಾಕ್ಟರೇ ಹೇಳಿದ್ದರಲ್ಲ. ಶ್ಯಾಮಣ್ಣ ನಿಂತರು. ಕೈ ಚಾಚಿದರು. ಇಡೀ ಕ್ಲಾಸು ನೋಡುತ್ತಿತ್ತು.

ಚೀಟಿ ಹೆಡ್ ಮಿಸ್ ಶಶಿಕಲಾ ಅವರ ಕೋಣೆಗೆ ಹೋಯಿತು. ಅವರು ಗದರಲಿಲ್ಲ. "ಯಾವಾಗಿಂದಮ್ಮಾ?"

"ಏಳನೇ ಕ್ಲಾಸಿಂದ ಮಿಸ್."

"ಅಪ್ಪ ನಿದ್ದೆ ಮಾಡ್ತಾರೆ ಅಂತ ಧೈರ್ಯಾನಾ?"

"ನಡಿ ಅಂತ ನಾನೇ ಹೇಳಿದ್ದು ಮಿಸ್. ನಿಜವಾಗ್ಲೂ ನಡೀತಾರೆ ಅಂದ್ಕೊಂಡಿರ್ಲಿಲ್ಲ." ಆಮೇಲೆ ನೆಲ ನೋಡುತ್ತ, "ತೊಂಬತ್ತು ಬರ್ಲಿಲ್ಲ ಅಂದ್ರೆ ಅಪ್ಪ ಹಾಲಿನ ಅಣ್ಣಂಗೆ ಏನ್ ಹೇಳ್ತಾರೆ ಮಿಸ್?" ಎಂದಳು.

ಬಾಗಿಲ ಬಳಿ ನಿಂತಿದ್ದ ಶ್ಯಾಮಣ್ಣ ಕೊರಳಿನ ಪೀಪಿಯನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡರು.

ವಿಜ್ಞಾನಕ್ಕೆ ಸೊನ್ನೆ ಬಿತ್ತು. ಮಾರನೆಯ ದಿನದಿಂದ ಜ್ಯೋತಿಲಕ್ಷ್ಮಿ ಅಪ್ಪನ ಸ್ಕೂಟರ್ ಹತ್ತಲಿಲ್ಲ; ಶಾಲೆಗೆ ನಡೆದೇ ಹೊರಟಳು. ಶ್ಯಾಮಣ್ಣ ಸ್ಕೂಟರ್ ತಳ್ಳಿಕೊಂಡು ಅವಳ ಹಿಂದೆ ನಡೆದರು. ದಿನವೂ ಹಾಗೇ. "ಪೆಟ್ರೋಲ್ ಖಾಲಿನಾ ಮೇಷ್ಟ್ರೇ?" ಎಂದು ಹಾಲಿನ ಅಂಗಡಿಯವನು ಕೂಗಿದರೆ, "ಹೂಂ ಕಣಪ್ಪಾ," ಎನ್ನುತ್ತಿದ್ದರು. ಬೇರೇನೂ ಹೇಳುತ್ತಿರಲಿಲ್ಲ.

ಮೂರು ತಿಂಗಳ ಮೇಲೆ ಡಾಕ್ಟರು ರಿಪೋರ್ಟು ನೋಡಿ, "ಭೇಷ್! ಇಷ್ಟು ಇಳಿದಿದೆಯಲ್ರೀ, ಟೈಮ್ ಹೆಂಗೆ ಸಿಕ್ತು?" ಎಂದರು. ಶ್ಯಾಮಣ್ಣ ರಿಪೋರ್ಟು ಮಡಚಿಕೊಂಡು ಎದ್ದರು.

ಈ ಸಲ ಇಳಿಸಿ ಹೇಳುವ ಅಗತ್ಯವೇ ಇರಲಿಲ್ಲ. ಮನೆಗೆ ಬಂದು ಮಗಳಿಗೆ ಕಾಣುವಂತೆ ರಿಪೋರ್ಟು ಹಿಡಿದು ನಿಂತರು. ಅವಳು ಅದನ್ನು ನೋಡಿದಳು, ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದಳು. ಎಷ್ಟು ಬಂತೆಂದು ಕೇಳಲಿಲ್ಲ. ಅವಳ ಪಕ್ಕದಲ್ಲಿ ಹೊಸ ಟೆಸ್ಟ್ ಪೇಪರೊಂದು ಬೋರಲು ಬಿದ್ದಿತ್ತು. ಅವರೂ ಕೇಳಲಿಲ್ಲ.