ಜುಬೇದಾಬೀಯ ಪೆನ್ಸಿಲ್ ಮತ್ತು ಒಂದು ಬಿಳಿ ಓಮ್ನಿ

ಕೊಪ್ಪಳದ ಆರ್‌ಟಿಓ ಕಚೇರಿಯ ಗೇಟು ಇನ್ನೂ ತೆರೆದಿಲ್ಲ. ನಸುಕಿನಲ್ಲೇ ಬಂದು ಸಾಲು ಹಿಡಿದ ಗಾಡಿಗಳ ನಡುವೆ ಜುಬೇದಾಬೀ ಒಂದು ಕಾರಿನ ಬಾನೆಟ್ಟಿನೊಳಗೆ ಅರ್ಧ ಮೈ ಬಗ್ಗಿಸಿದ್ದಾರೆ. ಜಿಡ್ಡು ಒರೆಸುತ್ತಾರೆ, ಕೊರೆದ ಚಾಸಿ ನಂಬರಿನ ಮೇಲೆ ಟೇಪು ಅಂಟಿಸುತ್ತಾರೆ, ಪೆನ್ಸಿಲ್ ಅಡ್ಡ ಹಿಡಿದು ಉಜ್ಜುತ್ತಾರೆ. ಕಪ್ಪಿನ ನಡುವೆ ಅಂಕಿಗಳು ಬೆಳ್ಳಗೆ ಏಳುತ್ತವೆ. ಇದಕ್ಕೆ ಪ್ರಿಂಟು ಅನ್ನುತ್ತಾರೆ; ಈ ಟೇಪು ಅಂಟಿಸಿದ ಅರ್ಜಿಯೇ ಒಳಗೆ ಹೋಗಬೇಕು. ದಿನಕ್ಕೆ ಇಪ್ಪತ್ತು ಗಾಡಿಯಾದರೂ ಆಗುತ್ತವೆ.

ಹಳೇ ಕಾರು ಕೊಳ್ಳುವವರು ಗಾಡಿಯ ವಯಸ್ಸು ಕೇಳಲೂ ಇವರ ಹತ್ತಿರ ಬರುತ್ತಾರೆ. ಶ್ರೀರಾಮನಗರದ ಉಮಾಪತಿಗೆ ಇವರು ಸೀಟ್ ಬೆಲ್ಟನ್ನು ಪೂರ್ತಿ ಎಳೆದು, ತಯಾರಾದ ತಿಂಗಳು-ವರ್ಷ ಅಚ್ಚಾಗಿರುವ ಬುಡದ ಚೀಟಿ ತೋರಿಸುತ್ತಾರೆ.

“ಹತ್ತೊಂಬತ್ತರ ಗಾಡಿ ಅಂದಾರ್ರಿ ಮಾರಾವ್ರು,” ಎನ್ನುತ್ತಾರೆ ಉಮಾಪತಿ.

“ಪಾಸಾಗಿದ್ದು, ಅಂದ್ರ ರಿಜಿಸ್ಟರ್ ಆಗಿದ್ದು, ಹತ್ತೊಂಬತ್ತರಾಗ. ಹುಟ್ಟಿದ್ದು ಹದಿನೆಂಟರಾಗ. ಬೆಲ್ಟ್ ಒಂದ ನೋಡಿ ನಂಬಬ್ಯಾಡ್ರಿ, ಬದಲಿ ಮಾಡಿರ್ತಾರ. ಚಾಸಿ ನಂಬರಿನ್ಯಾಗೂ ವರ್ಷದ ಅಕ್ಷರ ಇರ್ತೈತಿ.”

ಇವರ ಗಂಡ ಮುಜೀಬ ಕೊಪ್ಪಳದಿಂದ ಯಲಬುರ್ಗಾಕ್ಕೆ ಬಿಳಿ ಓಮ್ನಿ ಓಡಿಸುತ್ತಿದ್ದರು. ಒಮ್ಮೆ ಇಬ್ಬರೂ ಅದರಲ್ಲಿ ಕಚೇರಿಗೆ ಬಂದಾಗ ಪ್ರಿಂಟ್ ತೆಗೆಯುವವನು ಇರಲಿಲ್ಲ. ಮುಜೀಬ ಬ್ಯಾಟರಿ ದೀಪ ಹಿಡಿದರು, ಇವರು ಪೆನ್ಸಿಲ್ ಉಜ್ಜಿದರು. ಅದೇ ಮೊದಲ ಪ್ರಿಂಟು. “ಟೇಪು ಸೊಟ್ಟ ಆತ್ರಿ. ‘ನಿನ್ನ ರೊಟ್ಟಿನೂ ಹಿಂಗ’ ಅಂದ್ರು.”

ಕಿಡ್ನಿ ಕೆಟ್ಟಾಗ ಓಮ್ನಿ ಮಾರಿದರು. ಮುಜೀಬ ಉಳಿಯಲಿಲ್ಲ. ಜುಬೇದಾಬೀ ಪೆನ್ಸಿಲ್ ಹಿಡಿದು ಈ ಗೇಟಿನ ಮುಂದೆ ಕೂತರು. ಕೊಂಡವನು ಗಾಡಿಯನ್ನು ಮತ್ತೊಬ್ಬನಿಗೆ ಮಾರಿದ್ದಾನೆ. “ಮೊಬೈಲ್‌ನ್ಯಾಗ ಗಾಡಿ ನಂಬರ್ ಹಾಕಿ ನೋಡಿದ್ರ ಮಾಲಕರ ಹೆಸರು ಬರೇ ಚುಕ್ಕಿ ಚುಕ್ಕಿ ಬರ್ತೈತಿ.”

ಆದರೆ ಈ ಜಿಲ್ಲೆಯಲ್ಲೇ ಉಳಿದಿದ್ದರೆ, ಹದಿನೈದು ವರ್ಷ ತುಂಬಿದಾಗ ಅದು ನೋಂದಣಿ ನವೀಕರಣಕ್ಕೆ ಇಲ್ಲಿಗೇ ಬರಬೇಕು. ಬೆಲ್ಟಿನ ಚೀಟಿಯಲ್ಲಿದ್ದದ್ದು 2010ರ ಡಿಸೆಂಬರ್. ಮನೆಯಲ್ಲಿ ಅದನ್ನೇ ಗಾಡಿಯ ಹುಟ್ಟಿದ ತಿಂಗಳು ಎನ್ನುತ್ತಿದ್ದರು. ಹಾಗಾಗಿ ಕಳೆದ ಡಿಸೆಂಬರ್ ಪೂರ್ತಿ ಜುಬೇದಾಬೀ ಜ್ವರ ಬಂದರೂ ಜಾಗ ಬಿಡಲಿಲ್ಲ. ಓಮ್ನಿ ಬರಲಿಲ್ಲ. “ಗುಜರಿಗೆ ಹೋತು ಅಂತ ಅತ್ತೂ ಮುಗಿಸಿದ್ದೆ.”

ಏಜೆಂಟ್ ಪ್ರಭುರಾಜ ಮೊಬೈಲ್ ನೋಡಿ ನಕ್ಕರಂತೆ. “ಚಾಚಿ, ಊರ ಮಂದಿಗೆಲ್ಲಾ ಹುಟ್ಟಿದ್ದು ಬ್ಯಾರೆ, ಪಾಸಾಗಿದ್ದು ಬ್ಯಾರೆ ಅಂತೀ. ನಿನ್ನ ಗಾಡಿಗೆ ಮರತಿ? ಲೆಕ್ಕ ಪಾಸಾದ ದಿನದಿಂದ. ಅದು ಪಾಸಾಗಿದ್ದು ಮಾರ್ಚ್‌ನ್ಯಾಗ, ಅಲ್ಲೀತನಕ ಟೈಮ್ ಐತಿ.”

ಈಗ ಫೆಬ್ರುವರಿ. ಕುಷ್ಟಗಿ ಕಡೆಯಿಂದ ಬಂದ, ನಂಬರ್ ಪ್ಲೇಟು ಧೂಳಿನಲ್ಲಿ ಮುಚ್ಚಿಹೋದ ಬಿಳಿ ಓಮ್ನಿಯೊಂದು ಸಾಲಿಗೆ ತಿರುಗುತ್ತದೆ. ನನ್ನೊಡನೆ ಆಡುತ್ತಿದ್ದ ಮಾತು ಅರ್ಧಕ್ಕೆ ಬಿಟ್ಟು ಜುಬೇದಾಬೀ ಏಳುತ್ತಾರೆ.

“ಬಂದ್ರೇನ ಚಾಚಿ, ನಿನ್ನ ಬೀಗರು?” ಪ್ರಭುರಾಜ ಛೇಡಿಸುತ್ತಾರೆ.

“ಬರ್ತಾರ ಬಿಡೋ. ನಿನ್ನಂಗ ಹತ್ತಕ್ಕ ಏಳೂ ಮಂದಿ ಅಲ್ಲ ಅವ್ರು.”

ಜಿಡ್ಡು ಒರೆಸಿ ನೋಡುತ್ತಾರೆ. ಕೊನೆಯ ಅಂಕಿಗಳು ಬೇರೆ. ಟೇಪು ಹರಿದು ಅಂಟಿಸಿ, ಉಜ್ಜಿ, ಮಾಲೀಕನ ಕೈಗೆ ಕೊಡುತ್ತಾರೆ.

ನಿಮ್ಮ ಗಾಡಿ ಬಂದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ.

“ಏನ್ ಮಾಡ್ಲಿರಿ, ಮಂದಿ ಗಾಡಿ ಅದು. ಪ್ರಿಂಟ್ ತೆಗೆದು ಕಳಸ್ತೀನಿ,” ಎಂದು ಪೆನ್ಸಿಲ್ ಕೆತ್ತಲು ಕೂರುತ್ತಾರೆ. “ಈ ಸಲ ಟೇಪು ನೆಟ್ಟಗ ಹಚ್ತೀನಿ.”