ಬುರುಲಕ್ಕನ ಸಿಂಹ ಬಾಯಿ ಮುಚ್ಚಿದ್ದು

ಬಿಷ್ಕೆಕ್ ಪಟ್ಟಣದ ಒಂದು ಹಳೇ ಐದಂತಸ್ತಿನ ಕಟ್ಟಡದಲ್ಲಿ, ಮೂರನೇ ಅಂತಸ್ತಿನಲ್ಲಿ, ಬುರುಲಕ್ಕ ಮದುವೆ ಹೆಣ್ಣುಗಳಿಗೆ ಕೌದಿ, ಹಾಸಿಗೆ ಹೊಲಿದು ಬದುಕುತ್ತಿದ್ದಳು. ಹೊಲಿಗೆ ಗಟ್ಟಿ, ಮಾತು ಇನ್ನೂ ಗಟ್ಟಿ, ಮನಸ್ಸು ಮಾತ್ರ ಬೆಣ್ಣೆ. ಅವಳ ನಾಯಿಯ ಹೆಸರು ಅರ್ಸ್ತಾನ್, ಅಂದರೆ ಸಿಂಹ. ಆ ಸಿಂಹ ನಿಂತರೆ ಟೀ ಕೆಟಲಿನ ಎತ್ತರ. ಗಂಟಲನ್ನು ಮಾತ್ರ ದೇವರು ಯಾವುದೋ ದೊಡ್ಡ ನಾಯಿಗೆಂದು ತೆಗೆದಿಟ್ಟಿದ್ದು, ಕೈತಪ್ಪಿ ಇದಕ್ಕೆ ಕೊಟ್ಟುಬಿಟ್ಟಿದ್ದ.

ಗಿರಾಕಿ ಬಂದರೆ ಬೊಗಳು, ಹಾಲಿನವಳು ಬಂದರೆ ಬೊಗಳು, ಎದುರು ಮನೆಯವರು ತಮ್ಮ ಪಾಡಿಗೆ ತಮ್ಮ ಬಾಗಿಲು ತೆಗೆದರೂ ಬೊಗಳು. ಹೊಲಿಯುವವಳ ಮನೆಗೆ ಜನ ಬರದ ಹೊತ್ತುಂಟೆ? ಇಡೀ ಕಟ್ಟಡವೇ ತಲೆ ಚಚ್ಚಿಕೊಳ್ಳುತ್ತಿತ್ತು.

ಕೆಳಗಿನ ಮನೆಯ ಅಸಾನಲಿ ಮೊದಲು ಬಸ್ ಓಡಿಸುತ್ತಿದ್ದವನು, ಈಗ ನಿವೃತ್ತ. ದಿನಾ ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದು ದೂರು ಹೇಳುವುದೇ ಅವನಿಗೆ ಕೆಲಸ. ಹೇಳಲಿ, ಬೇಡವೆಂದವರಾರು? ಆದರೆ ನಮ್ಮಲ್ಲಿ ಹೊಸ್ತಿಲಿಗೆ ಬಂದವನು ಜಗಳಕ್ಕೇ ಬಂದಿರಲಿ, ಒಂದು ಚೂರು ರೊಟ್ಟಿಯನ್ನಾದರೂ ಬಾಯಿಗೆ ಹಾಕಿಕೊಳ್ಳದೆ ಹಿಂತಿರುಗುವಂತಿಲ್ಲ. ಬುರುಲಕ್ಕ ಇದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲೆ. ಹಿಟ್ಟು ಕಲಸಿ, ಎಣ್ಣೆಯಲ್ಲಿ ಬೋರ್ಸೋಕ್ ಎಂಬ ಪುಟ್ಟ ರೊಟ್ಟಿ ಕರಿದು, ಬಾಗಿಲ ಪಕ್ಕದಲ್ಲೇ ಬುಟ್ಟಿ ತುಂಬಿ ಇಟ್ಟಿರುತ್ತಿದ್ದಳು. ಬಂದವರಿಗೆ ಒಂದು. ಕಾಲಬುಡದಲ್ಲಿ ಬೊಗಳುವ ಸಿಂಹದ ಬಾಯಿ ಮುಚ್ಚಿಸಲು ಇನ್ನೊಂದು. ಅಸಾನಲಿ ಬೈಯುತ್ತ ತಿನ್ನುತ್ತಿದ್ದ, ತಿನ್ನುತ್ತ ಬೈಯುತ್ತಿದ್ದ, ಕೊನೆಗೆ ಮೀಸೆಯ ಎಣ್ಣೆ ಒರೆಸಿಕೊಂಡು ಇಳಿದು ಹೋಗುತ್ತಿದ್ದ.

ಒಂದು ದಿನ ಅವನು ಕಟ್ಟಡದವರನ್ನೆಲ್ಲ ಅಂಗಳದಲ್ಲಿ ಸೇರಿಸಿ ತೀರ್ಮಾನ ಮಾಡಿಸಿಬಿಟ್ಟ. ಭಾನುವಾರದೊಳಗೆ ನಾಯಿ ಸುಮ್ಮನಾಗಬೇಕು. ಇಲ್ಲವಾದರೆ ಅವನ ಸೋದರಳಿಯ ಅದನ್ನು ಬೆಟ್ಟದ ಮೇಲಿನ ಕುರಿದೊಡ್ಡಿಗೆ ಒಯ್ಯುತ್ತಾನೆ. ಅಲ್ಲಿನ ಕಾವಲು ನಾಯಿಗಳು ಕರುವಿನ ಗಾತ್ರ. ಅವಕ್ಕೆ ಅರ್ಸ್ತಾನ್ ಬೆಳಗಿನ ತಿಂಡಿಗೂ ಸಾಲದು. ಬೈದರೂ ಮುನಿಯದೆ ಮಡಿಲಿಗೆ ಬಂದು ಮಲಗುವ ಜೀವ ಅದೊಂದೇ; ಅದಿಲ್ಲದ ಮನೆಯನ್ನು ನೆನೆದರೇ ಬುರುಲಕ್ಕನಿಗೆ ಅಳು ಬರುತ್ತಿತ್ತು. ಹೆದರಿ ಒಂದರ ಬದಲು ಎರಡೆರಡು ಹಾಕತೊಡಗಿದಳು. ನಾಯಿ ಎರಡು ಪಟ್ಟು ಬೊಗಳತೊಡಗಿತು.

ಆ ವಾರವೇ ಅವಳ ಓರಗಿತ್ತಿ ಕಾಲಿಪಾ ಹಳ್ಳಿಯಿಂದ ಉಣ್ಣೆ ತಂದಳು. ಬೆಳಗ್ಗೆಯೆಲ್ಲ ಉಣ್ಣೆ ಬಿಡಿಸುತ್ತ ಬಾಗಿಲ ಕಡೆಯೇ ನೋಡುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಲ್ಲ ಕಣೇ ಬುರುಲ್, ಅದು ಬೊಗಳಿದಾಗೆಲ್ಲ ನೀನು ಸಂಬಳ ಕೊಡ್ತಿದ್ದೀಯಲ್ಲೇ. ಇಂಥ ನೌಕರಿ ಸಿಕ್ರೆ ನಾನೂ ಬೊಗಳ್ತೀನಿ."

"ಮತ್ತೇನ್ ಮಾಡ್ಲಿ? ಬಂದೋರೆಲ್ಲ ತಿಂತಿರುವಾಗ ಅದು ಮಾತ್ರ ಬಾಯಿ ಬಾಯಿ ಬಿಡ್ಬೇಕಾ? ಪಾಪ ಸುತ್ಕೊಳ್ಳಲ್ವಾ?"

"ಹಾಕು, ಯಾರು ಬೇಡ ಅಂದ್ರು? ಬಾಯಿ ಮುಚ್ಚಿದ್ಮೇಲೆ ಹಾಕು."

ಅಂದಿನಿಂದ ಮನೆಯಲ್ಲಿ ಹೊಸ ಕಾನೂನು. ಬೊಗಳಿದರೆ ಬುರುಲಕ್ಕ ಬೆನ್ನು ತಿರುಗಿಸಿ ಕಿವುಡಿಯಾಗಿಬಿಡುತ್ತಿದ್ದಳು. ಉಸಿರೆಳೆದುಕೊಳ್ಳಲೆಂದು ಅದು ಒಂದು ಕ್ಷಣ ಸುಮ್ಮನಾದರೂ ಸಾಕು, ತಕ್ಷಣ ಬೋರ್ಸೋಕಿನ ಚೂರು. ಮೊದಮೊದಲು ಅದರ ರಂಪ ಕೇಳಬಾರದು. ಇದ್ದ ಸಂಬಳ ನಿಂತರೆ ಯಾರು ತಾನೇ ಸುಮ್ಮನಿರುತ್ತಾರೆ? ಗಿರಾಕಿಗಳು ಬಟ್ಟೆಯ ಗಂಟು ಹೊತ್ತು, ಸಿಂಹದ ಕೋಪ ಇಳಿಯಲೆಂದು ಹೊಸ್ತಿಲಾಚೆ ಕಾದರು. ಕಾಲಿಪಾ ತನ್ನ ಮಂಡಿಗೆ ಶಾಪ ಹಾಕುತ್ತ, ಬೇಕೆಂದೇ ಮೆಟ್ಟಿಲು ಹತ್ತಿ ಇಳಿದು ಸದ್ದು ಮಾಡಿದಳು. ಬರಬರುತ್ತ ಹೆಜ್ಜೆ ಸದ್ದು ಕೇಳಿದರೆ ನಾಯಿ ಅರ್ಧ ಬೊಗಳಿ, ಉಳಿದರ್ಧ ನುಂಗಿಕೊಂಡು ಓಡಿ ಬಂದು ಬುಟ್ಟಿಯ ಮುಂದೆ ಕೂರತೊಡಗಿತು.

ಭಾನುವಾರ ಕಟ್ಟಡದವರೆಲ್ಲ ಹತ್ತಿ ಬಂದರು. ಮುಂದೆ ಅಸಾನಲಿ, ಹಿಂದೆ ಹಗ್ಗ ಹಿಡಿದ ಸೋದರಳಿಯ. ಬಾಗಿಲು ಬಡಿದರು. ಒಳಗೆ ಸದ್ದಿಲ್ಲ. ಬುರುಲಕ್ಕ ಬಾಗಿಲು ತೆಗೆದಳು. ಅರ್ಸ್ತಾನ್ ಬಾಯಿ ಬಿಗಿದು ಕೂತಿತ್ತು.

ಅಸಾನಲಿಗೆ ಇದನ್ನು ಸಹಿಸಲಾಗಲಿಲ್ಲ. ನೆಲ ಒದ್ದ, ಚಪ್ಪಾಳೆ ತಟ್ಟಿದ, ಇವಳೇನೋ ಮದ್ದು ಹಾಕಿದ್ದಾಳೆಂದು ಕಟ್ಟಡ ಹಾರಿಹೋಗುವಂತೆ ಕೂಗಾಡಿದ. ನಾಯಿ ಕಿವಿ ಅಲ್ಲಾಡಿಸಿತು, ಅಷ್ಟೆ. ಸೋದರಳಿಯ ಮೆಲ್ಲಗೆ ಹಗ್ಗ ಸುತ್ತಿ ಜೇಬಿಗಿಟ್ಟುಕೊಂಡ. ಬುರುಲಕ್ಕ ಮೊದಲು ನಾಯಿಗೆ ಕೊಟ್ಟಳು, ಆಮೇಲೆ ಬಂದವರಿಗೆಲ್ಲ ಹಂಚಿದಳು. ಅಸಾನಲಿ ಕೂಗುತ್ತಲೇ ಅಭ್ಯಾಸಬಲದಿಂದ ಕೈ ಚಾಚಿದ. ಅವಳು ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡಳು.

ಹೊಸ್ತಿಲಿಗೆ ಬಂದವನಿಗೆ ರೊಟ್ಟಿ ತಪ್ಪಿದ್ದನ್ನು ಅಲ್ಲಿ ಯಾರೂ ಕಂಡು ಕೇಳಿರಲಿಲ್ಲ. ಎಲ್ಲರೂ ಅಗಿಯುವುದನ್ನೇ ಮರೆತು ನಿಂತರು.

"ಅಸಾನಲಿ ಅಣ್ಣ, ಇಲ್ಲ ಅನ್ನಲ್ಲ. ಆದ್ರೆ ಈ ಮನೇಲೀಗ ಬಾಯಿ ಮುಚ್ಚಿದ್ಮೇಲೇನೇ."

ಅಸಾನಲಿ ಬುಟ್ಟಿ ನೋಡಿದ. ನಾಯಿಯನ್ನು ನೋಡಿದ. ಬಾಯಿ ಮುಚ್ಚಿದ.

ಅವನಿಗೆ ಎರಡು ಸಿಕ್ಕವು.